ಬಸ್ತಿಯ ವ್ಯಾಧಿಯೂ ಭಕ್ತರ ಸಂಕೋಚವೂ

(ಮಠದ ಮಹೋತ್ಸವದ ಆರೋಗ್ಯಗೋಷ್ಠಿಯಲ್ಲಿ ಪಾಠಶಾಲೆಯ ಪಂಡಿತರು ಮಾಡಿದ ಉಪನ್ಯಾಸ)



ಈ ಮಹೋತ್ಸವದಲ್ಲಿ ನನಗೆ ಮೊದಲು ಒಪ್ಪಿಸಲ್ಪಟ್ಟಿದ್ದ ವಿಷಯವು ಬೇರೆ. ಕೆಳದಿಯ ಅರಸರ ಕಾಲದ ಶಾಸ್ತ್ರಗ್ರಂಥಗಳನ್ನು ಕುರಿತು ಮಾತನಾಡಬೇಕೆಂದು ಅಪ್ಪಣೆಯಾಗಿದ್ದಿತು. ನಾನೇ ಸನ್ನಿಧಿಯಲ್ಲಿ ಬೇಡಿಕೊಂಡು ಈ ವಿಷಯವನ್ನು ಪಡೆದುಕೊಂಡೆನು. ಮೂತ್ರದ ಮಾತನ್ನು ಮಂಟಪದಲ್ಲಿ ಆಡುವುದೇ ಎಂದು ಹಿರಿಯರೊಬ್ಬರು ಆಕ್ಷೇಪಿಸಿದರು. ಶ್ರೀಗಳವರು ಮುಗುಳ್ನಕ್ಕು, ಆ ಮಾತನ್ನು ಬಾಯಿಬಿಟ್ಟು ಆಡದೆ ಸತ್ತವರ ಲೆಕ್ಕವನ್ನು ಯಾರು ಇಟ್ಟಿದ್ದಾರೆ ಎಂದು ಕೇಳಿದರು. ಆಕ್ಷೇಪವು ಅಲ್ಲಿಗೆ ನಿಂತಿತು.

ನಾನು ಹಾಗೆ ಬೇಡಿಕೊಂಡುದಕ್ಕೆ ಎರಡು ಪ್ರಸಂಗಗಳು ಕಾರಣ. ಎರಡರಲ್ಲಿಯೂ ತಪ್ಪು ನನ್ನದೇ ಆಗಿರುವುದರಿಂದ ಮುಚ್ಚುಮರೆಯಿಲ್ಲದೆ ಹೇಳುವೆನು.

ಕೆಲವು ವರ್ಷಗಳ ಹಿಂದೆ ಶ್ರಾವಣಮಾಸದ ಪುರಾಣಪ್ರವಚನದಲ್ಲಿ ಎಪ್ಪತ್ತು ದಾಟಿದ ಭಕ್ತರೊಬ್ಬರು ಮುಂದಿನ ಸಾಲಿನಲ್ಲಿ ಕುಳಿತು, ಗಂಟೆಗೆ ಎರಡು ಮೂರು ಸಲ ಎದ್ದು ಹೊರಗೆ ಹೋಗುತ್ತಿದ್ದರು. ಅವರು ಏಳುವಾಗಲೆಲ್ಲ ಹತ್ತು ಜನ ಕಾಲು ಮಡಿಸಿ ದಾರಿ ಬಿಡಬೇಕಾಗುತ್ತಿದ್ದಿತು. ನಾನು ಓದುತ್ತಿದ್ದುದನ್ನು ನಿಲ್ಲಿಸಿ, “ಯಜಮಾನರೇ, ಕೇಳುವುದಕ್ಕೆ ಮನಸ್ಸು ನಿಲ್ಲದಿದ್ದರೆ ಬಾಗಿಲ ಹತ್ತಿರವೇ ಕುಳಿತುಕೊಳ್ಳಬಹುದಲ್ಲ” ಎಂದೆನು. ಸಭೆಯು ನಕ್ಕಿತು. ಅವರೂ ನಕ್ಕರು. ಮಾರನೆಯ ದಿವಸದಿಂದ ಅವರು ಬರಲಿಲ್ಲ. ಬರಲಿಲ್ಲವೆಂಬುದನ್ನು ನಾನು ಗಮನಿಸಲೂ ಇಲ್ಲ. ಅವರಿಗೆ ಕಂಪವಾತವಿದ್ದಿತೆಂದೂ, ಈಗಿನ ಡಾಕ್ಟರುಗಳು ಪಾರ್ಕಿನ್ಸನ್ ಎಂದು ಕರೆಯುವ ಆ ವ್ಯಾಧಿಯು ಕೈಗಳನ್ನು ನಡುಗಿಸುವಂತೆಯೇ ಮೂತ್ರಾಶಯವನ್ನೂ ಹಿಡಿತ ತಪ್ಪಿಸಿದ್ದಿತೆಂದೂ, ಪ್ರವಚನಕ್ಕೆ ಬರುವ ದಿವಸ ಅವರು ಮಧ್ಯಾಹ್ನದಿಂದಲೇ ನೀರು ಕುಡಿಯದೆ ಇರುತ್ತಿದ್ದರೆಂದೂ ಅವರ ಮಗನಿಂದ ನನಗೆ ತಿಳಿದುದು, ಅವರು ಲಿಂಗೈಕ್ಯರಾದ ತರುವಾಯ.

ಎರಡನೆಯದು ಅಡಿಕೆಯ ಕೊನೆಕೊಯ್ಲಿನ ಕಾಲದಲ್ಲಿ ಆದುದು. ಮಠದ ಶಿಷ್ಯನೇ ಆದ ಮೂವತ್ತೈದರ ಯುವಕನು, ತನ್ನದೊಂದು ಚಿಕ್ಕ ತೋಟವಿದ್ದರೂ ಮಠದ ತೋಟದ ಕೊನೆ ತೆಗೆಯುವುದನ್ನು ಸೇವೆಯೆಂದು ಭಾವಿಸಿ ಪ್ರತಿವರ್ಷವೂ ಬರುತ್ತಿದ್ದನು. ಒಂದು ಮರದಿಂದ ಮತ್ತೊಂದು ಮರಕ್ಕೆ ಬಾಗಿ ಹಿಡಿಯುವಾಗ ಮರವು ಮುರಿದು ಬಿದ್ದನು. ನಾನು ಅಲ್ಲಿಯೇ ಇದ್ದೆನು. ನಾಲ್ಕು ಜನ ಅವನ ಕೈಕಾಲುಗಳನ್ನು ಹಿಡಿದು ಮೂಟೆಯಂತೆ ಎತ್ತಿ, ಜೀಪಿನ ಹಿಂಭಾಗದಲ್ಲಿ ಮಡಿಸಿ ಮಲಗಿಸಿ, ಕಲ್ಲುದಾರಿಯಲ್ಲಿ ಓಡಿಸಿಕೊಂಡು ಹೋದೆವು. ಪುಣ್ಯದ ಕೆಲಸವೆಂದೇ ಮಾಡಿದೆವು. ಬೆನ್ನೆಲುಬು ಮುರಿದವನನ್ನು ಹಾಗೆ ಮಡಿಸಿದರೆ ಅರ್ಧ ಉಳಿದಿರಬಹುದಾದ ನರಗಳೂ ನಜ್ಜಾಗಬಹುದೆಂದು ಆ ದಿವಸ ನಮ್ಮಲ್ಲಿ ಒಬ್ಬನಿಗೂ ತಿಳಿದಿರಲಿಲ್ಲ. ಬಿದ್ದವನನ್ನು ಕುಳ್ಳಿರಿಸದೆ, ನೀರು ಕುಡಿಸದೆ, ಕುತ್ತಿಗೆಯನ್ನೂ ಬೆನ್ನನ್ನೂ ತಿರುಚದೆ, ಬಾಗಿಲಿನಂಥ ಒಂದು ಹಲಗೆಯ ಮೇಲೆ ನಾಲ್ಕಾರು ಜನ ಏಕಕಾಲದಲ್ಲಿ ಜರುಗಿಸಿ ನೇರವಾಗಿ ಮಲಗಿಸಬೇಕು. ಸಾಧ್ಯವಿದ್ದಲ್ಲಿ 108ರ ಬಂಡಿ ಬರುವವರೆಗೆ ಅಲ್ಲಾಡಿಸಲೇಬಾರದು. ಅಡಿಕೆಯ ತೋಟವಿರುವ ಪ್ರತಿಯೊಬ್ಬರೂ ಇದೊಂದನ್ನಾದರೂ ಇಲ್ಲಿಂದ ಹೊತ್ತುಕೊಂಡು ಹೋಗಬೇಕೆಂದು ಬೇಡುತ್ತೇನೆ.

ಆ ಯುವಕನು ಬದುಕಿದನು. ಸೊಂಟದ ಕೆಳಗೆ ಸ್ವಾಧೀನವಿಲ್ಲ. ಕಾಲು ಹೋಯಿತೆಂದು ಊರೆಲ್ಲ ಮರುಗಿತು. ಕಾಲಿನ ಜೊತೆಯಲ್ಲಿ ಮತ್ತೇನು ಹೋಯಿತೆಂಬುದನ್ನು ಅವನೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಅವನ ವಿಷಯಕ್ಕೆ ಮುಂದೆ ಬರುತ್ತೇನೆ.

ನಾನು ವೈದ್ಯನಲ್ಲ. ಪಾಠಶಾಲೆಯಲ್ಲಿ ಕಾವ್ಯ ವ್ಯಾಕರಣಗಳ ಜೊತೆಗೆ ಸ್ವಲ್ಪಮಟ್ಟಿಗೆ ಚರಕ, ಸುಶ್ರುತ, ವಾಗ್ಭಟರನ್ನು ಗುರುಮುಖದಿಂದ ಓದಿದವನು. ಓದಿದ ಕಾಲದಲ್ಲಿ ಅದೆಲ್ಲ ಬಾಯಿಪಾಠ. ಈಗ ಪುನಃ ತೆಗೆದು ನೋಡಿದಾಗ ಕಣ್ಣು ತೆರೆಯಿತು. ಮೂತ್ರಾಶಯಕ್ಕೆ ಶಾಸ್ತ್ರದಲ್ಲಿ ಬಸ್ತಿ ಎಂದು ಹೆಸರು. ದೇಹದಲ್ಲಿ 107 ಮರ್ಮಗಳನ್ನು ಎಣಿಸಿರುವರು. ಅವುಗಳಲ್ಲಿ ಮೂರನ್ನು ಚರಕಾಚಾರ್ಯನು ಮುಖ್ಯವೆಂದು ಎತ್ತಿ ಹೇಳುತ್ತಾನೆ. ಒಂದು ಹೃದಯ, ಒಂದು ಶಿರಸ್ಸು, ಮೂರನೆಯದು ಬಸ್ತಿ. ನಾವು ಹೆಸರೆತ್ತಲು ನಾಚುವ ಅಂಗವನ್ನು ಪ್ರಾಚೀನರು ಹೃದಯದ ಸಾಲಿನಲ್ಲಿ ಕುಳ್ಳಿರಿಸಿದ್ದಾರೆ. ಅದೇ ಆಚಾರ್ಯನು ತಡೆಯಬಾರದ 13 ವೇಗಗಳನ್ನು ಹೇಳುವಾಗ ಮೊದಲು ಹೇಳುವುದು ಮೂತ್ರದ ವೇಗವನ್ನೇ. ಅದನ್ನು ತಡೆದವನಿಗೆ ಬಸ್ತಿಯಲ್ಲಿ ಶೂಲೆಯೂ, ಕಿಬ್ಬೊಟ್ಟೆಯ ಬಿಗಿತವೂ, ತಲೆನೋವೂ ಉಂಟಾಗುವುದೆನ್ನುತ್ತಾನೆ.

ಮೂತ್ರಾಘಾತವೆಂಬ ಪ್ರಕರಣದಲ್ಲಿ ಬಸ್ತಿಯ ದೋಷಗಳನ್ನು ಸುಶ್ರುತನು 12 ಎಂದೂ ಚರಕನು 13 ಎಂದೂ ವಿಂಗಡಿಸಿರುವರು. ಎಲ್ಲವನ್ನೂ ಇಲ್ಲಿ ಹೇಳಿ ಸಭೆಗೆ ಆಯಾಸವನ್ನುಂಟುಮಾಡಲಾರೆನು. ಬಸ್ತಿಯ ಬಾಯಿಯನ್ನು ವಾಯುವು ಮುಚ್ಚಿ ನಿಲ್ಲಿಸುವುದೊಂದು; ಮೂತ್ರವು ನಿಂತು ನಾಭಿಯ ಕೆಳಗೆ ಹೊಟ್ಟೆಯು ಉಬ್ಬಿ ನಿಲ್ಲುವ ಮೂತ್ರಜಠರವೆಂಬುದೊಂದು; ಬಹುಕಾಲ ತಡೆದವನು ವಿಸರ್ಜಿಸಹೋದಾಗ ಮೆಲ್ಲಮೆಲ್ಲನೆ ಮಾತ್ರ ಹರಿಯುವ ಮೂತ್ರಾತೀತವೆಂಬುದೊಂದು. ಈಗಿನ ವೈದ್ಯರ ಮುಂದೆ ನಾನು ಇವುಗಳನ್ನು ವರ್ಣಿಸಿದಾಗ, ತಾವು ದಿನವೂ ನೋಡುವ ರೋಗಿಗಳು ಇವರೇ ಎಂದರು. ಆದರೆ ಒಂದು ಮಾತು. ಪ್ರಾಚೀನರು ಲಕ್ಷಣವನ್ನು ಕಂಡರು, ಅಪಾನವಾಯುವಿನ ವೈಷಮ್ಯವೆಂದು ಕಾರಣವನ್ನು ಊಹಿಸಿದರು. ಬೆನ್ನುಹುರಿಯೊಳಗಿನ ನರಗಳ ಆಜ್ಞೆಯಿಂದ ಬಸ್ತಿಯು ನಡೆಯುತ್ತದೆಂಬುದನ್ನು ಅವರು ಕಂಡಿರಲಿಲ್ಲ. ಎಲ್ಲವೂ ನಮ್ಮಲ್ಲಿ ಮೊದಲೇ ಇದ್ದಿತೆಂದು ಹೇಳಿಕೊಳ್ಳುವ ಚಾಳಿಯು ಪಂಡಿತರಲ್ಲಿ ಉಂಟು. ಅದರಿಂದ ರೋಗಿಗೆ ಉಪಕಾರವಿಲ್ಲ.

ಈ ನರಗಳ ಕೆಲಸವನ್ನು ನಮ್ಮ ಸೀಮೆಯವರಿಗೆ ತಿಳಿಸುವುದು ಕಷ್ಟವಲ್ಲ. ಕೆರೆ, ತೂಬು, ನೀರುಗಂಟಿ ಇವು ನಮಗೆ ಗೊತ್ತು. ಮೂತ್ರಪಿಂಡಗಳೆರಡೂ ಹಗಲಿರುಳು ನಿಲ್ಲದೆ ಸೋಸುವ ಬೆಟ್ಟದ ಒರತೆಗಳು. ದಿವಸಕ್ಕೆ ಸುಮಾರು ಒಂದೂವರೆ ಲೀಟರು, ಎಂದರೆ ಗಂಟೆಗೆ 60 ಮಿಲಿಲೀಟರಿನಷ್ಟು ಮೂತ್ರವು ಇಳಿಯುತ್ತಿರುತ್ತದೆ. ಮೂತ್ರಾಶಯವು ಕೆರೆ, 400ರಿಂದ 500 ಮಿಲಿಲೀಟರು ಹಿಡಿಯುತ್ತದೆ. ಅದರ ಬಾಯಿಯನ್ನು ಬಿಗಿದಿರುವ ಮಾಂಸದ ಬಳೆಯು ತೂಬು. ಕೆರೆ ತುಂಬುವಾಗ ತೂಬು ಮುಚ್ಚಿರಬೇಕು, ಗೋಡೆಯು ಸಡಿಲವಾಗಿರಬೇಕು. ಬಿಡುವಾಗ ಗೋಡೆಯು ಬಿಗಿಯಬೇಕು, ಅದೇ ಕ್ಷಣದಲ್ಲಿ ತೂಬು ತೆರೆಯಬೇಕು. ಈ ಹೊಂದಾಣಿಕೆಯನ್ನು ನೋಡಿಕೊಳ್ಳುವ ನೀರುಗಂಟಿಯು ಮಿದುಳಿನ ಬುಡದಲ್ಲಿ ಕುಳಿತಿದ್ದಾನೆ. ಅವನ ಮೇಲೊಬ್ಬ ಯಜಮಾನನು ಹಣೆಯ ಹಿಂದಿನ ಮಿದುಳಿನಲ್ಲಿದ್ದು, ಈಗ ಬೇಡ, ಇದು ಸಭೆ ಎಂದು ತಡೆಯುತ್ತಾನೆ. ಕೆಳಗೆ ತೂಬಿನ ಹತ್ತಿರದ ಆಳು, ಬೆನ್ನುಹುರಿಯ ತುದಿಭಾಗದ ನರಗಳಲ್ಲಿರುವನು. ಎಳೆಯ ಶಿಶುವಿನಲ್ಲಿ ಮೇಲಿನ ಯಜಮಾನನು ಇನ್ನೂ ಅಧಿಕಾರ ವಹಿಸಿಕೊಂಡಿರುವುದಿಲ್ಲವಾದ್ದರಿಂದ ಅದು ತೊಡೆಯ ಮೇಲೆಯೇ ಬಿಟ್ಟುಬಿಡುತ್ತದೆ. ಅದಕ್ಕೆ ನಾವು ನಗುತ್ತೇವೆ, ಮುದ್ದಾಡುತ್ತೇವೆ. ಅದೇ ಆಜ್ಞೆಯ ದಾರಿಯು ವ್ಯಾಧಿಯಿಂದ ಕಡಿದುಹೋಗಿ ಹಿರಿಯರೊಬ್ಬರ ಪಂಚೆಯು ಒದ್ದೆಯಾದರೆ ಮುಖ ತಿರುಗಿಸುತ್ತೇವೆ.

ದಾರಿಯು ಎಲ್ಲಿ ಕಡಿಯಿತೆಂಬುದರ ಮೇಲೆ ತೊಂದರೆಯ ಬಗೆಯು ಬೇರೆ ಬೇರೆಯಾಗುವುದು. ಲಕ್ವ ಹೊಡೆದವರಲ್ಲಿ, ಕಂಪವಾತದವರಲ್ಲಿ, ಮರೆವಿನ ರೋಗದವರಲ್ಲಿ ಮೇಲಿನ ಯಜಮಾನನ ತಡೆಯು ಸಡಿಲವಾಗುತ್ತದೆ. ಜಲಬಾಧೆಯು ಬಂದಿತೆಂದರೆ ಬಂದೇಬಿಟ್ಟಿತು. ಬಚ್ಚಲಮನೆಯವರೆಗೆ ಹೋಗುವಷ್ಟು ಅವಕಾಶವಿರುವುದಿಲ್ಲ. ಪ್ರವಚನದ ಮಧ್ಯದಲ್ಲಿ ಎದ್ದ ಆ ಹಿರಿಯರ ಸ್ಥಿತಿ ಇದು. ಮನಸ್ಸು ನಿಲ್ಲದೆ ಎದ್ದವರಲ್ಲ, ನರವು ನಿಲ್ಲಗೊಡದೆ ಎದ್ದವರು.

ಹುರಿಯು ಎದೆಯ ಅಥವಾ ಕುತ್ತಿಗೆಯ ಮಟ್ಟದಲ್ಲಿ ಕಡಿದಾಗ ನೀರುಗಂಟಿಯ ಮಾತು ಕೆಳಗಿನ ಆಳಿಗೆ ತಲಪದು. ಪೆಟ್ಟಾದ ಮೊದಲ ಕೆಲವು ವಾರಗಳಲ್ಲಿ ಮೂತ್ರಾಶಯವು ಸತ್ತಂತೆ ಸುಮ್ಮನಿದ್ದು, ಆಮೇಲೆ ಆಳು ತನಗೆ ತೋಚಿದಂತೆ ನಡೆದುಕೊಳ್ಳುತ್ತಾನೆ: ಗೋಡೆಯು ಬಿಗಿಯುವ ಹೊತ್ತಿನಲ್ಲಿಯೇ ತೂಬೂ ಬಿಗಿಯುತ್ತದೆ. ಹೊರಗೆ ಹೋಗಲಾರದ ಒತ್ತಡವು ಹಿಮ್ಮುಖವಾಗಿ ಮೂತ್ರಪಿಂಡಗಳ ಕಡೆಗೆ ಏರಿ, ವರ್ಷಗಳಲ್ಲಿ ಅವನ್ನು ಸದ್ದಿಲ್ಲದೆ ಕೆಡಿಸುತ್ತದೆ.

ಮೂರನೆಯ ಬಗೆಯೇ ನಮ್ಮ ತೋಟಗಳಲ್ಲಿ ಬಿದ್ದವರಲ್ಲಿ ಬಹಳವಾಗಿ ಕಾಣತಕ್ಕದ್ದು. ಅದರ ಕಾರಣವನ್ನು ಸ್ವಲ್ಪ ವಿವರಿಸಬೇಕು. ಎತ್ತರದಿಂದ ಬಿದ್ದಾಗ ಬೆನ್ನೆಲುಬು ಹೆಚ್ಚಾಗಿ ಮುರಿಯುವುದು ಎದೆಯ ಭಾಗವೂ ಸೊಂಟದ ಭಾಗವೂ ಕೂಡುವ ಸಂಧಿಯಲ್ಲಿ. ಬೆನ್ನೆಲುಬು ಕೆಳಗಿನವರೆಗೂ ಇದ್ದರೂ ಅದರೊಳಗಿನ ಹುರಿಯು ಸೊಂಟದ ಮೊದಲನೆಯ ಅಥವಾ ಎರಡನೆಯ ಮಣಿಯ ಹತ್ತಿರವೇ ಮುಗಿಯುತ್ತದೆ. ಮೂತ್ರಾಶಯವನ್ನು ಆಳುವ ನರಗಳು ಹುಟ್ಟುವುದು ಆ ತುದಿಯಲ್ಲಿಯೇ. ಎಂದಮೇಲೆ ಅಡಿಕೆಯ ಮರದಿಂದ ಬಿದ್ದವನಿಗೆ ಪೆಟ್ಟು ತಗಲುವ ಸ್ಥಳವೂ ಬಸ್ತಿಯ ನರಗಳು ಹುಟ್ಟುವ ಸ್ಥಳವೂ ಬಹುಪಾಲು ಒಂದೇ. ಅಡಿಕೆಯ ಮರವಷ್ಟೇ ಏಕೆ, ಸೊಪ್ಪಿನಬೆಟ್ಟದಲ್ಲಿ ಸೊಪ್ಪು ಕಡಿಯುವಾಗ, ಮೆಣಸು ಕೊಯ್ಯುವ ಏಣಿಯಿಂದ, ಕೊಳೆರೋಗಕ್ಕೆ ಔಷಧಿ ಹೊಡೆಯಲು ಮಳೆಗಾಲದ ಜಾರುವ ಮರ ಹತ್ತಿದಾಗ ಬಿದ್ದವರಲ್ಲಿಯೂ ಹೀಗೆಯೇ. ಇಂಥವರಲ್ಲಿ ಗೋಡೆಯು ನಿಸ್ಸತ್ತ್ವವಾಗಿ, ಮೂತ್ರವು ತುಂಬಿದರೂ ತುಂಬಿತೆಂಬ ಅರಿವಿಲ್ಲದೆ, ಕೊನೆಗೆ ಹನಿಹನಿಯಾಗಿ ಸೋರತೊಡಗುತ್ತದೆ. ಮನೆಯವರು, ಹೇಗೂ ಮೂತ್ರ ಹೋಗುತ್ತಲೇ ಇದೆಯಲ್ಲ ಎಂದು ಸಮಾಧಾನಪಟ್ಟುಕೊಳ್ಳುವರು. ಅದು ಹೋಗುವುದಲ್ಲ, ಸ್ವಾಮಿ. ಕೆರೆ ಕೋಡಿ ಬಿದ್ದಿರುವುದು. ಒಳಗೆ ಲೀಟರುಗಟ್ಟಲೆ ನಿಂತು ಕೊಳೆಯುತ್ತಿರುವ ನೀರಿನ ಮೇಲಿನ ಎರಡು ಹನಿ ಮಾತ್ರ ಹೊರಗೆ ಬರುತ್ತಿದೆ.

ಹಲವು ವರ್ಷಗಳ ಮಧುಮೇಹವೂ ಇದೇ ಕೆಲಸವನ್ನು ಮೆಲ್ಲನೆ ಮಾಡುತ್ತದೆ. ಪಾದವು ಜೋಮು ಹಿಡಿಯುವುದನ್ನು ಜನ ಹೇಳಿಕೊಳ್ಳುತ್ತಾರೆ. ಮೂತ್ರಾಶಯವು ಜೋಮು ಹಿಡಿದುದು ಅವರಿಗೇ ತಿಳಿಯದು. ಮೊದಲಿಗಿಂತ ಕಡಿಮೆ ಸಲ ಹೋಗುತ್ತೇನೆ, ಸಕ್ಕರೆ ಇಳಿದಿರಬೇಕು ಎಂದು ಸಂತೋಷಪಟ್ಟವರನ್ನು ನಾನು ಬಲ್ಲೆನು. ನರಕ್ಕೆ ಸಂಬಂಧಿಸದ ಕಾರಣಗಳೂ ಉಂಟು. ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿಯು ವಯಸ್ಸಿನೊಡನೆ ಬೆಳೆದು ದಾರಿಯನ್ನು ಅಮುಕುವುದು. ಅಂಥವರು ನೆಗಡಿಗೆಂದು ಅಂಗಡಿಯ ಮಾತ್ರೆ ನುಂಗಿ ರಾತ್ರೋರಾತ್ರಿ ಮೂತ್ರ ಕಟ್ಟಿಕೊಂಡುದುಂಟು. ಕಲ್ಲು, ಮೂತ್ರದ ಸೋಂಕು ಇವು ಎಲ್ಲರಿಗೂ ತಿಳಿದವು. ತಾಯಿಯ ಹೊಟ್ಟೆಯಲ್ಲಿಯೇ ಬೆನ್ನುಹುರಿ ಸರಿಯಾಗಿ ಮುಚ್ಚದೆ ಹುಟ್ಟಿದ ಮಕ್ಕಳಿಗೂ ಈ ತೊಂದರೆ ಉಂಟು. ಗರ್ಭವು ನಿಲ್ಲುವುದಕ್ಕೆ ಮುಂಚಿನಿಂದಲೇ ಫೋಲಿಕ್ ಆಮ್ಲದ ಮಾತ್ರೆಯನ್ನು ಸೇವಿಸಿದರೆ ಅದು ಬಹಳಮಟ್ಟಿಗೆ ತಪ್ಪುವುದೆಂಬುದನ್ನು ಮದುವೆಯಾದ ಹೆಣ್ಣುಮಕ್ಕಳ ಕಿವಿಗೆ ಹಾಕಬೇಕು.

ತಾಯಂದಿರ ವಿಷಯವನ್ನು ಹಾಗೆ ಒಂದೇ ಮಾತಿನಲ್ಲಿ ದಾಟಲಾರೆನು. ಹೆರಿಗೆಗಳಿಂದ ತೂಬಿನ ಮಾಂಸವು ಸಡಿಲವಾಗಿ, ಕೆಮ್ಮಿದರೆ, ಹುಲ್ಲಿನ ಹೊರೆ ಎತ್ತಿದರೆ ಸೋರುವುದು ಎಷ್ಟೋ ಜನರಿಗೆ ಉಂಟು. ಆ ಮಾಂಸವನ್ನು ಬಿಗಿದು ಬಿಡುವ ಅಭ್ಯಾಸವನ್ನು ಕಲಿತು ಕೆಲವು ತಿಂಗಳು ಬಿಡದೆ ಮಾಡಿದರೆ ಬಹುಜನರಿಗೆ ಗುಣ ಕಾಣುವುದು. ಅವರು ಅದನ್ನು ಹೇಳುವುದಿಲ್ಲ. ನಾಟಿಯ ದಿವಸ ಬೆಳಗಿನಿಂದ ಸಂಜೆಯವರೆಗೆ ಗದ್ದೆಯಲ್ಲಿ ಬಗ್ಗಿ ನಿಂತು, ಹೋಗುವುದಕ್ಕೆ ಮರೆಯಿಲ್ಲದೆ, ಅದಕ್ಕಾಗಿ ನೀರನ್ನೂ ಕುಡಿಯದೆ ತಡೆದುಕೊಂಡವರು ಇಲ್ಲಿ ಎಷ್ಟು ಜನರಿಲ್ಲ! ನಮ್ಮ ಮಠದ ಜಾತ್ರೆಗಳಲ್ಲಿಯೂ ಅನೇಕ ವರ್ಷ ಹೀಗೆಯೇ ನಡೆಯಿತು. ಚರಕನು ಬೇಡವೆಂದ ವೇಗಧಾರಣವನ್ನು ಅವನ ಗ್ರಂಥವನ್ನು ಪಾಠ ಹೇಳುವ ನಾವೇ ತಾಯಂದಿರಿಂದ ಮಾಡಿಸಿದೆವು.

ಇನ್ನು ಚಿಕಿತ್ಸೆಯ ಮಾತು. 1914ರಿಂದ 1918ರವರೆಗಿನ ಮಹಾಯುದ್ಧದಲ್ಲಿ ಬೆನ್ನುಹುರಿಗೆ ಪೆಟ್ಟಾದ ಸಿಪಾಯಿಗಳಲ್ಲಿ ಹೆಚ್ಚಿನವರು ಮೂತ್ರದ ಸೋಂಕಿನಿಂದಲೂ ಹಾಸಿಗೆಹುಣ್ಣಿನಿಂದಲೂ ಬಹುಬೇಗ ಪ್ರಾಣ ಬಿಟ್ಟರು. ಹೀಗೆ ಪೆಟ್ಟಾದವನು ಬದುಕುವುದಿಲ್ಲವೆಂದೇ ಎಲ್ಲ ದೇಶಗಳ ವೈದ್ಯರೂ ನಂಬಿದ್ದರು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಎಂಬಲ್ಲಿ ಲುಡ್ವಿಗ್ ಗುಟ್‌ಮನ್ ಎಂಬ ವೈದ್ಯನು ಈ ನಂಬಿಕೆಯನ್ನು ಮುರಿದನು. ಆತನು ಜರ್ಮನಿಯಿಂದ ತಪ್ಪಿಸಿಕೊಂಡು ಬಂದ ಯೆಹೂದ್ಯನು. ಆತನು ಮಾಡಿದುದರಲ್ಲಿ ಪವಾಡವಿಲ್ಲ. ಹೊತ್ತುಹೊತ್ತಿಗೆ ಮಗ್ಗುಲು ಬದಲಾಯಿಸುವುದು, ಹೊತ್ತುಹೊತ್ತಿಗೆ ಮೂತ್ರಾಶಯವನ್ನು ಶುಚಿಯಾಗಿ ಬರಿದುಮಾಡುವುದು, ಕೆಲಸಕ್ಕೂ ಆಟಕ್ಕೂ ಹಚ್ಚುವುದು. ಸಾಯುವರೆಂದು ಮೂಲೆಗೆ ಬಿಟ್ಟಿದ್ದವರು ಚಕ್ರದ ಕುರ್ಚಿಯಲ್ಲಿ ಕುಳಿತು ಬಿಲ್ಲುಬಾಣ ಹೂಡಿದರು. ಇಂದು ಲೋಕವೆಲ್ಲ ನೋಡುವ ಪ್ಯಾರಾಲಿಂಪಿಕ್ ಪಂದ್ಯಗಳ ಮೂಲವು ಅಲ್ಲಿ 1948ರಲ್ಲಿ ನಡೆದ ಆ ಆಟಗಳೇ.

ಇದಕ್ಕಿಂತಲೂ ನಮಗೆ ಉಪಯುಕ್ತವಾದುದು 1972ರಲ್ಲಿ ಅಮೆರಿಕಾದ ಮಿಷಿಗನ್ನಿನ ಜಾಕ್ ಲ್ಯಾಪಿಡಿಸ್ ಎಂಬ ವೈದ್ಯನು ಪ್ರಕಟಿಸಿದ ಕ್ರಮ. ಅಲ್ಲಿಯವರೆಗೆ ಮೂತ್ರನಾಳದಲ್ಲಿ ಕ್ಯಾಥೆಟರ್ ಎಂಬ ನಳಿಗೆಯನ್ನು ಇಡಬೇಕಾದರೆ ಶಸ್ತ್ರಚಿಕಿತ್ಸೆಯಷ್ಟೇ ನಿರ್ಜಂತುಕವಾಗಿ ಆಸ್ಪತ್ರೆಯವರೇ ಇಡಬೇಕೆಂಬ ನಿಯಮವಿದ್ದಿತು. ಆತನು ಹೇಳಿದುದೇನೆಂದರೆ, ನಾಲ್ಕು ಕ್ರಿಮಿಗಳಿಗಿಂತ ಮೂತ್ರಾಶಯವು ಹಿಗ್ಗಿ ನಿಲ್ಲುವುದೇ ಹೆಚ್ಚಿನ ಅಪಾಯ. ಆದುದರಿಂದ ರೋಗಿಯು ಸೋಪಿನಿಂದ ಕೈ ತೊಳೆದು, ಶುಚಿಯಾದ ಸಣ್ಣ ನಳಿಗೆಯಿಂದ, ತಾನೇ, ದಿನದಲ್ಲಿ ಹಲವು ಸಲ ಮೂತ್ರವನ್ನು ತೆಗೆದು ನಳಿಗೆಯನ್ನು ಹೊರಕ್ಕೆ ಎಳೆದುಬಿಡಲಿ. ಮೊದಲು ಬಹುಜನ ವೈದ್ಯರು ಒಪ್ಪಲಿಲ್ಲ. ಇಂದು ನರದೋಷದಿಂದ ಮೂತ್ರ ನಿಲ್ಲುವವರಿಗೆ, ಕೈಗಳಲ್ಲಿ ಸ್ವಾಧೀನವಿದ್ದಲ್ಲಿ, ಎಲ್ಲ ದೇಶಗಳಲ್ಲಿಯೂ ಮೊದಲು ಕಲಿಸುವುದು ಇದನ್ನೇ. ಗಂಟೆಗೆ 60ರಂತೆ ತುಂಬುವ ಲೆಕ್ಕವನ್ನು ಮೊದಲೇ ಹೇಳಿದೆನಲ್ಲ, ನಾಲ್ಕರಿಂದ ಆರು ಗಂಟೆಗೊಮ್ಮೆ ತೆಗೆಯಬೇಕೆಂಬುದು ಅದರಿಂದಲೇ ಬಂದುದು. ಒಂದು ಸಲಕ್ಕೆ 500 ಮಿಲಿಲೀಟರಿಗಿಂತ ಹೆಚ್ಚು ಬರುತ್ತಿದ್ದರೆ ಇನ್ನೂ ಬೇಗ ಬೇಗ ತೆಗೆಯಬೇಕೆಂದರ್ಥ. ಇದನ್ನು ವೈದ್ಯರಿಂದಲೂ ದಾದಿಯರಿಂದಲೂ ಕೈಯಾರೆ ಕಲಿತುಕೊಳ್ಳಬೇಕೇ ಹೊರತು ನನ್ನ ಉಪನ್ಯಾಸ ಕೇಳಿ ಮಾಡತಕ್ಕದ್ದಲ್ಲ.

ನಳಿಗೆಯನ್ನು ಒಳಗೇ ಇಟ್ಟು ಚೀಲಕ್ಕೆ ಹರಿಸುವ ಕ್ರಮವೂ ಕೆಲವರಿಗೆ ಅನಿವಾರ್ಯ. ಅಂಥವರ ಚೀಲವು ಯಾವಾಗಲೂ ಮೂತ್ರಾಶಯಕ್ಕಿಂತ ಕೆಳಗಿರಬೇಕು. ಎತ್ತಿ ಮಡಿಲಲ್ಲಿಟ್ಟುಕೊಂಡರೆ ಮಲಿನವು ಹಿಂದಕ್ಕೆ ಹರಿಯುತ್ತದೆ. ಕಾಲಕಾಲಕ್ಕೆ ನಳಿಗೆಯನ್ನು ಬದಲಾಯಿಸದಿದ್ದರೆ ಕಲ್ಲುಗಟ್ಟುವುದು. ಸೋರುವುದೆಂಬ ಭಯದಿಂದ ನೀರು ಕುಡಿಯುವುದನ್ನು ಬಿಡಬಾರದು. ಮೂತ್ರಾಶಯದ ಅಕಾಲಿಕ ಬಿಗಿತವನ್ನು ಶಾಂತಪಡಿಸುವ ಮಾತ್ರೆಗಳು ಉಂಟು, ಅದರ ಗೋಡೆಗೇ ಚುಚ್ಚುವ ಔಷಧವೂ ಉಂಟು. ತೊಂದರೆಯಿರಲಿ ಇಲ್ಲದಿರಲಿ ವರ್ಷಕ್ಕೊಮ್ಮೆ ಮೂತ್ರಪಿಂಡಗಳ ಸ್ಕ್ಯಾನನ್ನೂ ರಕ್ತಪರೀಕ್ಷೆಯನ್ನೂ ಮಾಡಿಸಬೇಕು. ಏತಕ್ಕೆಂದರೆ ಅವು ಕೆಡುವಾಗ ನೋವು ಹೇಳುವುದಿಲ್ಲ.

ಎರಡು ಎಚ್ಚರಿಕೆಗಳನ್ನು ಮಾತ್ರ ಒತ್ತಿ ಹೇಳುವೆನು. ಎದೆಯ ಮೇಲ್ಭಾಗದಲ್ಲಿ ಅಥವಾ ಕುತ್ತಿಗೆಯಲ್ಲಿ ಹುರಿ ಕಡಿದವರಿಗೆ ಫಕ್ಕನೆ ತಲೆ ಸಿಡಿಯುವಂಥ ನೋವು ಬಂದು, ಮುಖವು ಕೆಂಪಾಗಿ ಬೆವತರೆ, ಮೂತ್ರಾಶಯವು ತುಂಬಿ ರಕ್ತದೊತ್ತಡವು ಏರಿದೆಯೆಂದು ಶಂಕಿಸಬೇಕು. ತಕ್ಷಣ ಎತ್ತಿ ಕುಳ್ಳಿರಿಸಿ, ನಳಿಗೆಯು ಮಡಿಚಿದೆಯೇ ಎಂದು ನೋಡಿ, ಮೂತ್ರವನ್ನು ಬಿಡಿಸಬೇಕು, ವೈದ್ಯರನ್ನು ಕರೆಸಬೇಕು, ತಡಮಾಡಿದರೆ ಪ್ರಾಣಾಪಾಯ. ವೇಗವನ್ನು ತಡೆದರೆ ತಲೆನೋವು ಬರುವುದೆಂದು ಚರಕನು ಹೇಳಿದುದು ಇದನ್ನು ಓದುವಾಗ ನನಗೆ ನೆನಪಾಯಿತು. ಎರಡೂ ಒಂದೇ ಎಂದು ಸಾಧಿಸಹೊರಟಿಲ್ಲ. ಮತ್ತೊಂದು, ಸೊಂಟನೋವಿದ್ದವರಿಗೆ ಕುಳಿತುಕೊಳ್ಳುವ ಭಾಗವೂ ಒಳತೊಡೆಯೂ ಮರಗಟ್ಟಿ, ಮೂತ್ರವು ಕಟ್ಟಿದರೆ ಅಥವಾ ತಿಳಿಯದೆ ಹೋದರೆ, ಎಣ್ಣೆ ತಿಕ್ಕಿಸುತ್ತಾ ಕುಳಿತಿರಬಾರದು. ನರಗಳು ಅಮುಕಿಹೋಗುತ್ತಿವೆ. ಆ ದಿವಸವೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ನಮ್ಮ ತಾಲ್ಲೂಕುಗಳ ಆಸ್ಪತ್ರೆಗಳಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕಳುಹಿಸುತ್ತಾರೆ. ಘಟ್ಟ ಇಳಿದರೆ ಮಣಿಪಾಲವುಂಟು. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ಇಂಥವರ ಪುನರ್ವಸತಿಗೆಂದೇ ವಿಭಾಗವಿದೆ. ಬೆಳ್ತಂಗಡಿ ತಾಲ್ಲೂಕಿನ ಸೌತಡ್ಕದಲ್ಲಿ ಸೇವಾಭಾರತಿಯವರ ಸೇವಾಧಾಮವು ಬೆನ್ನುಹುರಿಗೆ ಪೆಟ್ಟಾದವರಿಗಾಗಿಯೇ ನಡೆಯುತ್ತಿದ್ದು, ಮೂತ್ರಾಶಯವನ್ನು ನೋಡಿಕೊಳ್ಳುವ ವಿಧಾನವನ್ನು ಅಲ್ಲಿ ಕಲಿಸುತ್ತಾರೆ.

ಈಗ ನಮ್ಮ ಯುವಕನ ಕಡೆಗೆ ಬರುತ್ತೇನೆ. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಒಂದು ವರ್ಷದವರೆಗೆ ಅವನು ಮಠದ ಕಡೆಗೆ ಬರಲಿಲ್ಲ. ಕುರ್ಚಿಯಲ್ಲಿ ಬರುವುದು ಕಷ್ಟವೆಂದು ನಾವು ಎಣಿಸಿದ್ದೆವು. ಒಂದು ದಿವಸ ಅವನ ಹೆಂಡತಿಯು ಬಂದು, “ಅಯ್ನೋರೆ, ನೀವೊಂದ್ಸಲ ಮನೆಗೆ ಬರಬೇಕು, ಲಿಂಗ ತೆಗೆದಿಟ್ಬಿಟ್ಟಾರೆ” ಎಂದು ಕಣ್ಣೀರಿಟ್ಟಳು. ನಾನು ಹೋದೆನು. ಮಂಚದ ಪಕ್ಕದಲ್ಲಿ ಚೀಲವು ತೂಗುತ್ತಿದ್ದಿತು. ಅದರ ಮೇಲೆ ಟವೆಲನ್ನು ಮುಚ್ಚಿದ್ದರು. ಕರಡಿಗೆಯು ದೇವರ ಜಗುಲಿಯ ಮೇಲೆ ಇದ್ದಿತು. ಕೇಳಿದರೆ, “ಈ ಮೈಗೆ ಹ್ಯಾಂಗೆ ಕಟ್ಕೊಳ್ಳೋದು ಅಯ್ನೋರೆ? ದಿನಾ ಉಚ್ಚೆ ಚೀಲ ಹೊತ್ತೋನಿಗೆ ಪೂಜೆ ಆಗ್ತದಾ?” ಎಂದನು.

ಮಹನೀಯರೇ, ಮೂವತ್ತು ವರ್ಷ ಪಾಠ ಹೇಳಿದವನಿಗೆ ಆ ಕ್ಷಣ ಉತ್ತರ ತೋರಲಿಲ್ಲ. ಅಂಗದ ಮೇಲಿನ ಲಿಂಗವು ಅಗಲತಕ್ಕದ್ದಲ್ಲವೆಂಬುದು ನಮ್ಮ ಧರ್ಮದ ಮೊದಲ ಪಾಠ. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಐದು ಸೂತಕಗಳೂ ಲಿಂಗಧಾರಿಗೆ ಇಲ್ಲವೆಂದು ಶರಣರು ಸಾರಿದರು. ಇಷ್ಟು ದೊಡ್ಡ ಸೂತಕಗಳನ್ನೇ ತೊಡೆದುಹಾಕಿದ ಧರ್ಮದಲ್ಲಿ ಆರನೆಯದಾಗಿ ಒಂದು ಮೂತ್ರಸೂತಕವನ್ನು ಅವನು ಎಲ್ಲಿಂದ ತಂದನು? ಗ್ರಂಥದಿಂದ ತರಲಿಲ್ಲ. ನನ್ನಂಥವರು ಸಭೆಯಲ್ಲಿ ಆಡಿದ ಮಾತುಗಳಿಂದ, ಮೂಗು ಮುರಿದ ನೆಂಟರ ಮುಖಗಳಿಂದ ತಂದನು.

ಕೊನೆಗೆ ನಾನು ಹೇಳಿದುದು ಶಾಸ್ತ್ರವಲ್ಲ. “ತಮ್ಮಾ, ನನ್ನ ಹೊಟ್ಟೆಯ ಕೆಳಗೂ ಒಂದು ಚೀಲವಿದೆ. ಶ್ರೀಗಳವರ ದೇಹದಲ್ಲಿಯೂ ಇದೆ. ಎದೆಯ ಮೇಲೆ ಲಿಂಗ, ಅದಕ್ಕೆ ಒಂದು ಗೇಣು ಕೆಳಗೆ ಮೂತ್ರ. ಲಿಂಗ ಕಟ್ಟಿದವರೆಲ್ಲರೂ ಹೀಗೆಯೇ ನಡೆದಾಡಿದವರು. ನಿನ್ನ ಒಳಗಿನ ಚೀಲ ಕೆಲಸ ಬಿಟ್ಟಿತು, ಹೊರಗೆ ಒಂದನ್ನು ತೂಗಿಹಾಕಿದ್ದಾರೆ. ಒಳಗಿದ್ದಾಗ ಇಲ್ಲದ ಮೈಲಿಗೆ ಹೊರಗೆ ಬಂದ ಮೇಲೆ ಎಲ್ಲಿಂದ ಬಂತು?” ಎಂದೆನು. ಅವನು ಬಹಳ ಹೊತ್ತು ಮಾತನಾಡಲಿಲ್ಲ. ಅವನ ಹೆಂಡತಿಯು ಜಗುಲಿಯಿಂದ ಕರಡಿಗೆಯನ್ನು ತಂದು ಅವನ ಕೈಗೆ ಕೊಟ್ಟಳು.

ಶ್ರೀಗಳವರಿಗೆ ನಡೆದುದನ್ನು ಅರಿಕೆ ಮಾಡಲಾಗಿ, ಅವರು ತಾವೇ ಅವನ ಮನೆಗೆ ದಯಮಾಡಿಸಿದರು. ಮುಂದೆ ಆಸ್ಪತ್ರೆಯಲ್ಲಿ ಕೆಲವು ದಿವಸ ಇದ್ದು ತಾನೇ ನಳಿಗೆಯನ್ನು ಬಳಸುವುದನ್ನು ಕಲಿತನು, ಚೀಲವು ಹೋಯಿತು. ಪದೇ ಪದೇ ಬರುತ್ತಿದ್ದ ಚಳಿಜ್ವರವೂ ಈಗ ಅಪರೂಪ. ಮಠದ ದಾಸೋಹಕ್ಕೆ ಬೇಕಾದ ಹಾಳೆಯ ತಟ್ಟೆಗಳನ್ನು ಯಂತ್ರದಲ್ಲಿ ಒತ್ತುವ ಕೆಲಸವನ್ನು ವಹಿಸಿಕೊಂಡಿದ್ದಾನೆ. ಮೈಯಲ್ಲಿ ಅರಿವಿಲ್ಲವಾದ್ದರಿಂದ ಹೊತ್ತನ್ನು ಗಡಿಯಾರ ನೋಡಿಯೇ ತಿಳಿಯಬೇಕಷ್ಟೆ. ಅವನು ಮಠದ ಪೂಜೆಯ ಗಂಟೆಗಳಿಗೆ ತನ್ನ ಹೊತ್ತುಗಳನ್ನು ಹೊಂದಿಸಿಕೊಂಡಿದ್ದಾನೆ. ಇದನ್ನು ಹೇಳಲು ಅವನ ಅನುಮತಿಯನ್ನು ಪಡೆದಿದ್ದೇನೆ. ನಿನ್ನೆ ಮೊನ್ನೆ ತಾವು ಪ್ರಸಾದ ಸ್ವೀಕರಿಸಿದ ತಟ್ಟೆಗಳು ಅವನು ಮಾಡಿದವೇ.

ಮಠದಲ್ಲಿ ಆಗಿರುವ ಕೆಲವು ಏರ್ಪಾಡುಗಳನ್ನು ತಿಳಿಸುವುದು ಉಳಿದಿದೆ. ಮಠದ ತೋಟದಲ್ಲಿ ಈಗ ಕೊನೆ ತೆಗೆಯುವುದೂ ಔಷಧಿ ಹೊಡೆಯುವುದೂ ಸಾಧ್ಯವಾದಲ್ಲೆಲ್ಲ ನೆಲದ ಮೇಲೆ ನಿಂತು ಕಾರ್ಬನ್ ಫೈಬರಿನ ದೋಟಿಯಿಂದಲೇ. ದೋಟಿಗೆ ಬೆಲೆ ಹೆಚ್ಚು, ಬಳಸಲು ಕೈ ಪಳಗಬೇಕು ಎಂಬುದು ನಿಜವೇ. ಸಣ್ಣ ತೋಟದವರು ನಾಲ್ಕಾರು ಮನೆ ಸೇರಿ ಒಂದನ್ನು ಕೊಳ್ಳಬಹುದು. ತೋಟದ ಮನೆಯಲ್ಲಿ ಆಳುದ್ದದ ಹಲಗೆಯೊಂದನ್ನು ಗೋಡೆಗೆ ಒರಗಿಸಿ ಇಡಲಾಗಿದೆ; ಅದನ್ನು ಅಡಿಕೆ ಹರಡುವುದಕ್ಕೆ ಒಯ್ಯಕೂಡದೆಂದು ಅಪ್ಪಣೆಯಾಗಿದೆ. ದಾಸೋಹದ ಮನೆಯ ಎಡಗಡೆಯಲ್ಲಿ ಮೆಟ್ಟಿಲಿಲ್ಲದೆ ಕುರ್ಚಿಯು ಹೋಗುವಂತೆ ಒಂದು ಶೌಚಗೃಹವನ್ನೂ, ತಾಯಂದಿರಿಗೆ ಹಿಂಭಾಗದಲ್ಲಿ ನಾಲ್ಕನ್ನೂ ಕಟ್ಟಿಸಲಾಗಿದೆ. ಮೊದಲನೆಯದಕ್ಕೆ ಬೀಗ ಹಾಕುವ ವಾಡಿಕೆಯನ್ನು ಯಾರೋ ಪ್ರಾರಂಭಿಸಿದ್ದರು. ಬೀಗದ ಕೈ ಕೇಳುವುದಕ್ಕೆ ನಾಚಿ ಹಿಂದಿರುಗಿದವರನ್ನು ಕಂಡ ಮೇಲೆ ಬೀಗವನ್ನೇ ತೆಗೆಸಿದೆವು. ಪ್ರವಚನಮಂದಿರದಲ್ಲಿ ಎರಡೂ ಬದಿಯ ಬಾಗಿಲುಗಳ ಹತ್ತಿರ ಒಂದೊಂದು ಸಾಲು ಕುರ್ಚಿಗಳನ್ನು ಬಿಟ್ಟಿದೆ. ಅಲ್ಲಿ ಕುಳಿತವರು ಎಷ್ಟು ಸಲ ಎದ್ದು ಹೋದರೂ ಓದುವವನು ಓದುವುದನ್ನು ನಿಲ್ಲಿಸತಕ್ಕದ್ದಲ್ಲ.

ಆ ಹಿರಿಯರ ಮಗನು ಈ ಸಭೆಯಲ್ಲಿ ಕುಳಿತಿರುವರು. ಅವರ ತಂದೆಯವರ ಕ್ಷಮೆಯನ್ನು ಕೇಳುವ ಅವಕಾಶವು ನನಗೆ ದೊರೆಯಲಿಲ್ಲವಾದ್ದರಿಂದ, ಸಭೆ ನಕ್ಕ ಇದೇ ಸ್ಥಳದಲ್ಲಿ ನಿಂತು ಅವರನ್ನು ಕೇಳಿಕೊಳ್ಳುತ್ತೇನೆ.

ಆರೋಗ್ಯಗೋಷ್ಠಿಗೆ ದಯಮಾಡಿಸಿರುವ ಡಾಕ್ಟರವರು ಮಧ್ಯಾಹ್ನ ಪ್ರಸಾದವಾದ ತರುವಾಯ ಪಾಠಶಾಲೆಯ ಮೊದಲನೆಯ ಕೊಠಡಿಯಲ್ಲಿಯೂ, ಲೇಡಿ ಡಾಕ್ಟರವರು ಹಿಂದಿನ ಕೊಠಡಿಯಲ್ಲಿಯೂ ಕುಳಿತಿರುವರು. ಎರಡಕ್ಕೂ ಬೇರೆ ಬೇರೆ ಬಾಗಿಲುಗಳಿವೆ. ಹೆಸರು ಬರೆಸಬೇಕಾದುದಿಲ್ಲ, ತೊಂದರೆ ಏನೆಂದು ಹೊರಗೆ ನಿಂತವರಿಗೆ ಹೇಳಬೇಕಾದುದೂ ಇಲ್ಲ.